ಕಾಲು ಭಾಗಕ್ಕೆ ಅಷ್ಟು ಹೆದರಬೇಕಾ?

ನೆಗೆಟಿವ್ ಅಂಕ ಇದ್ದರೆ ಡೌಟ್ ಇರುವ ಪ್ರಶ್ನೆ ಮುಟ್ಟಲೇಬೇಡಿ ಅಂತ ಬರೆದಿದ್ದೀರಿ ಸರ್. ನಾನು ಒಪ್ಪಲ್ಲ. ಕೇಂದ್ರ ಸರ್ಕಾರದ ಪದವಿ ಮಟ್ಟದ ಹುದ್ದೆಗಳಿಗೆ ನಡೆಯುವ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಯ ಮೊದಲ ಹಂತವನ್ನೇ ನೋಡಿ. 100 ಪ್ರಶ್ನೆ, 200 ಅಂಕ, 60 ನಿಮಿಷ. ಸರಿ ಉತ್ತರಕ್ಕೆ 2, ತಪ್ಪಾದರೆ ಅರ್ಧ ಅಂಕ ಕಟ್, ಅಂದರೆ ಕಾಲು ಭಾಗ. ನಾಲ್ಕರಲ್ಲಿ ಎರಡು ಆಯ್ಕೆ ತಪ್ಪು ಅಂತ ಪಕ್ಕಾ ಗೊತ್ತಿದ್ದರೆ ಉಳಿದ ಎರಡರಲ್ಲಿ ಒಂದನ್ನು ಹಾಕಿಬಿಡಿ. ಅಂಥ 10 ಪ್ರಶ್ನೆಯಲ್ಲಿ ಐದು ಸರಿಯಾದರೂ 10 ಅಂಕ ಬಂತು, ಹೋಗಿದ್ದು ಎರಡೂವರೆ. ಬಿಟ್ಟರೆ ಸೊನ್ನೆ ಅಲ್ವಾ? ಮೊದಲ ಸಲ ನಾನೂ ಹೆದರಿ 22 ಪ್ರಶ್ನೆ ಖಾಲಿ ಬಿಟ್ಟು ಯಾದಗಿರಿಗೆ ವಾಪಸ್ ಬಂದವನೇ.

ಖಾಲಿ ಅಂದ ಕೂಡಲೇ ನಮ್ಮ ಕಡೆ 2021ರ ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಪರೀಕ್ಷೆ ನೆನಪಾಗುತ್ತದೆ. ಕಲಬುರಗಿಯ ಕೇಂದ್ರವೊಂದರಲ್ಲಿ ಖಾಲಿ ಒಎಂಆರ್ ಹಾಳೆ (ಉತ್ತರ ಗುರುತು ಮಾಡುವ ಹಾಳೆ) ಆಮೇಲೆ ತುಂಬಿದರು ಅನ್ನುವ ಆರೋಪ. 545 ಹುದ್ದೆಯ ಪರೀಕ್ಷೆಯೇ ರದ್ದಾಯಿತು. ಮರುಪರೀಕ್ಷೆ ನಡೆದಿದ್ದು 2024ರ ಜನವರಿಯಲ್ಲಿ. ಕಷ್ಟಪಟ್ಟು ಓದಿದವರ ವಯಸ್ಸು ಸುಮ್ನೆ ಹೋಯಿತು.

ಹಾಂ, ರಾಜ್ಯದ ಹುದ್ದೆಗೆ ಅರ್ಜಿ ಹಾಕುವ ನಮ್ಮ ಕಲ್ಯಾಣ ಕರ್ನಾಟಕ ಭಾಗದವರು ಇಲ್ಲಿಯವರಿಗಿರುವ 371(ಜೆ) ಮೀಸಲಾತಿಯ ಪ್ರಮಾಣಪತ್ರ ಮೊದಲೇ ಮಾಡಿಸಿ ಇಟ್ಟುಕೊಳ್ಳಿ. ಕೊನೆ ದಿನಾಂಕದ ವಾರದಲ್ಲಿ ಸಹಾಯಕ ಆಯುಕ್ತರ ಕಚೇರಿಗೆ ಓಡಿದರೆ ಆಗಲ್ಲ. ಎಸ್‌ಎಸ್‌ಸಿಯಲ್ಲಿ ಮಾತ್ರ ಆ ಮೀಸಲಾತಿ ನಡೆಯುವುದಿಲ್ಲ.