ಬಾಲದಲ್ಲೊಂದು 'ಆ'

ಟೆನಿಸ್ ನೋಡುವವರಿಗೆ ರಷ್ಯಾದ ಈ ಅಣ್ಣ-ತಂಗಿ ನೆನಪಿರಬೇಕು. ಅಣ್ಣ ಮರಾತ್ ಸಫಿನ್, ತಂಗಿ ದಿನಾರಾ ಸಫಿನಾ. ಅಣ್ಣ 2000ದಲ್ಲಿ ವಿಶ್ವದ ನಂಬರ್ ಒನ್ ಆದ, ತಂಗಿ 2009ರಲ್ಲಿ. ಒಂದೇ ಅಪ್ಪ-ಅಮ್ಮನ ಮಕ್ಕಳು, ಆದರೂ ಮನೆತನದ ಹೆಸರಲ್ಲಿ ತಂಗಿಗೆ ಒಂದು 'ಆ' ಜಾಸ್ತಿ.

ರಷ್ಯಾದಲ್ಲಿ ಈ 'ಆ' ಹೆಣ್ಣುಮಕ್ಕಳನ್ನು ಬಿಡುವುದೇ ಇಲ್ಲ. ಆನ್ನಾ, ಓಲ್ಗಾ, ಇರೀನಾ, ಮರೀಯಾ, ನತಾಲ್ಯಾ, ಹೀಗೆ ಯಾರನ್ನೇ ಕೇಳಿ, ಹೆಸರು 'ಆ' ಅಥವಾ 'ಯಾ'ದಲ್ಲಿ ನಿಲ್ಲುತ್ತದೆ. ನಮ್ಮಲ್ಲಿ ಕಾವೇರಿ, ಗಿರಿಜೆ, ಲಕ್ಷ್ಮಮ್ಮ, ಸುಮಾ ಎಂದು ಹೇಗೆ ಬೇಕಾದರೂ ಮುಗಿಸಬಹುದು. ಅವರಿಗೆ ಅಷ್ಟು ಚಾಯ್ಸ್ ಇಲ್ಲ. ತಪ್ಪಿಸಿಕೊಂಡವರೂ ಇದ್ದಾರೆ ಅನ್ನಿ. ಸೋವಿಯತ್ ಕಾಲದ ಸಿನಿಮಾ ತಾರೆ ಲ್ಯುಬೋವ್ ಒರ್ಲೋವಾ ಹಾಗೆ. 'ಲ್ಯುಬೋವ್' ಅಂತ ಕೇಳಿದರೆ ಮೀಸೆ ಇರುವ ಯಾರೋ ಅನಿಸುತ್ತೆ, ಅಲ್ವಾ? ಆಕೆಗಿಂತ ಮಜಾ ನಿನೆಲ್ ಎಂಬ ಹೆಸರು. ಲೆನಿನ್ ಹೆಸರನ್ನು ತಿರುಗಿಸಿ ಬರೆದು ಮಗಳಿಗೆ ಇಟ್ಟವರು ಇದ್ದರು!

ನಿಜವಾದ ಕಥೆ ಇರುವುದು ನಡುವಿನ ಹೆಸರಲ್ಲಿ. 1963ರ ಜೂನ್ 16ರಂದು ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆಯ ಪೂರ್ತಿ ಹೆಸರು ವಲೆಂತೀನಾ ವ್ಲದೀಮಿರೊವ್ನಾ ತೆರೆಶ್ಕೋವಾ. ಮೂರು ಹೆಸರು, ಮೂರಕ್ಕೂ 'ಆ'. ನಡುವಿನದು 'ವ್ಲದೀಮಿರನ ಮಗಳು' ಎಂದು ಹೇಳುತ್ತದೆ. ಆ ವ್ಲದೀಮಿರ್ ಯುದ್ಧದಲ್ಲಿ ಸತ್ತಾಗ ಈಕೆ ಇನ್ನೂ ಪುಟ್ಟ ಮಗು. ಬಟ್ಟೆ ಗಿರಣಿಯಲ್ಲಿ ದುಡಿದು ಸಾಕಿದವಳು ತಾಯಿ. ಹೆಸರಲ್ಲಿ ಕೂತು ಭೂಮಿ ಸುತ್ತಿದವನು ಮಾತ್ರ ಅಪ್ಪ. ತಾಯಿಗೂ ಅಲ್ಲೊಂದು ಸೀಟು ಕೊಡಬಹುದಿತ್ತು.

ಆದರೆ ಈ ಅಪ್ಪನ ಹೆಸರಿಲ್ಲದೆ ಅಲ್ಲಿ ಮರ್ಯಾದೆಯ ಮಾತೇ ಹುಟ್ಟುವುದಿಲ್ಲ. ಟೀಚರನ್ನು ನಮ್ಮ ಮಕ್ಕಳು 'ಮಿಸ್' ಅನ್ನುತ್ತಾರೆ. ಅಲ್ಲಿನ ಮಕ್ಕಳು 'ಮಾರ್ಯಾ ಇವಾನೊವ್ನಾ' ಅನ್ನಬೇಕು. ಇಷ್ಟುದ್ದ ದಿನಕ್ಕೆ ಎಷ್ಟು ಸಲ ಹೇಳೋಕಾಗುತ್ತೆ? ಬಾಯಲ್ಲಿ ಸವೆದು ಸವೆದು 'ಮರಿವಾನ್ನಾ' ಆಗಿದೆ. ರಷ್ಯನ್ ಜೋಕುಗಳಲ್ಲಿ ತುಂಟ ವೊವೊಚ್ಕಾನ ಕೈಗೆ ಸಿಕ್ಕಿ ಸುಸ್ತಾಗುವ ಟೀಚರ್ ಹೆಸರೂ ಇದೇ.

'ಆ' ಇದ್ದರೆ ಹೆಣ್ಣು ಅಂತ ಲೆಕ್ಕ ಹಾಕಿ ಹೊರಟರೆ ಒಂದು ಹಳ್ಳ ಇದೆ. ನಮ್ಮಲ್ಲಿ ನಿಕಿತಾ ಎಂದರೆ ಎರಡು ಜಡೆಯ ಹುಡುಗಿ. ಅಲ್ಲಿ ನಿಕಿತಾ ಗಂಡಸು. 1955ರಲ್ಲಿ ಭಾರತಕ್ಕೆ ಬಂದಿದ್ದ ಬೋಳುತಲೆಯ ಸೋವಿಯತ್ ನಾಯಕ ಖ್ರುಶ್ಚೇವ್ ನೆನಪಿಸಿಕೊಳ್ಳಿ, ಅವರ ಹೆಸರು ನಿಕಿತಾ. ಇಲ್ಯಾ, ಕುಜ್ಮಾ ಕೂಡ ಗಂಡಸರೇ. ಇನ್ನು ನಾವು ಮಗಳಿಗೆ ಜಾತಕ ನೋಡಿ ಇಡುವ ನತಾಶಾ, ತಾನ್ಯಾ ಅವರಿಗೆ ಮನೆಯಲ್ಲಿ ಕರೆಯುವ ಹೆಸರುಗಳು. ದಾಖಲೆಯಲ್ಲಿ ಅವರು ನತಾಲ್ಯಾ, ತತ್ಯಾನಾ.

ಮನೆಯೊಳಗೆ ಬಂದರೆ ಗಂಡು-ಹೆಣ್ಣಿನ ಈ ಗೆರೆಯೆಲ್ಲ ಕಲಸಿಹೋಗುತ್ತದೆ. ಮಿಖಾಯಿಲ್ ಮೀಶಾ ಆಗುತ್ತಾನೆ, ಇವಾನ್ ವಾನ್ಯಾ ಆಗುತ್ತಾನೆ. ಅಲೆಕ್ಸಾಂದ್ರ್ ಕೂಡ ಸಾಶಾ, ಅಲೆಕ್ಸಾಂದ್ರಾ ಕೂಡ ಸಾಶಾ. ಮುದ್ದು ಮಾಡುವಾಗ ಎಲ್ಲರಿಗೂ 'ಆ' ಹಂಚುತ್ತಾರೆ! ಆಮೇಲೆ ಯಾವ ಸಾಶಾ ಅಂತ ತಿಳಿಯಲು ಕ್ರಿಯಾಪದ ನೋಡಬೇಕು. ಬಂದವನಾದರೆ 'ಪ್ರಿಶೋಲ್', ಬಂದವಳಾದರೆ 'ಪ್ರಿಶ್ಲಾ'. ನಮ್ಮ ಬಂದನು-ಬಂದಳು ಇದ್ದ ಹಾಗೆ. ಆದರೆ ನಾವು 'ನಾನು ಬಂದೆ' ಎಂದರೆ ಗಂಡೋ ಹೆಣ್ಣೋ ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿ ಹೆಂಗಸು ತನ್ನ ಬಗ್ಗೆ ಹೇಳುವಾಗಲೂ 'ಪ್ರಿಶ್ಲಾ' ಅನ್ನಲೇಬೇಕು. ಹೆಸರು ಮುಗಿದರೂ 'ಆ' ಮುಗಿಯಲಿಲ್ಲ.

ಇಷ್ಟೆಲ್ಲ ಕಾಪಾಡಿಕೊಂಡು ಬಂದ ಈ ಅಕ್ಷರವನ್ನು ಕೂಗಿ ಕರೆಯುವಾಗ ಅವರು ಸುಮ್ನೆ ಎಸೆದುಬಿಡುತ್ತಾರೆ. ನಾವು ದೂರದಲ್ಲಿರುವವರನ್ನು ಕರೆಯುವಾಗ ಹೆಸರನ್ನು ಎಳೆಯುತ್ತೇವೆ, 'ಸುಮಾಆ', 'ಗಿರಿಜೇಏ' ಅಂತ. ಅವರು ಕತ್ತರಿಸುತ್ತಾರೆ. ಮಾಶಾ 'ಮಾಶ್!' ಆಗುತ್ತಾಳೆ, ತಾನ್ಯಾ 'ತಾನ್!' ಆಗುತ್ತಾಳೆ, ಅಮ್ಮನೂ 'ಮಾಮಾ' ಹೋಗಿ 'ಮಾಮ್!' ಆಗುತ್ತಾಳೆ. ವ್ಯಾಕರಣದವರು ಇದಕ್ಕೆ ಹೊಸ ಸಂಬೋಧನೆ ಅಂತ ಹೆಸರನ್ನೂ ಕೊಟ್ಟಿದ್ದಾರೆ. ಊಟಕ್ಕೆ 'ಸಾಶ್!' ಎಂದು ಕೂಗಿದರೆ ಮಗ ಬರಬೇಕೋ ಮಗಳು ಬರಬೇಕೋ, ಅದು ಆ ಮನೆಯವರಿಗೇ ಗೊತ್ತು.