ಕುಲಗೋತ್ರ ತಿಳಿಯದ ಗಾಡಿ

ಬೈಕ್ ಸವಾರರು ಎದುರಾದಾಗ ಪರಸ್ಪರ ಮುಖ ನೋಡುವುದಿಲ್ಲ. ಮುಖ ಹೇಗೂ ಹೆಲ್ಮೆಟ್ಟಿನೊಳಗೆ ಅಡಗಿರುತ್ತದೆ. ಕಣ್ಣು ನೇರವಾಗಿ ಪೆಟ್ರೋಲ್ ಟ್ಯಾಂಕಿನ ಮೇಲಕ್ಕೆ ಹೋಗಿ ಅಲ್ಲಿ ಬರೆದಿರುವ ಹೆಸರನ್ನು ಓದಿಕೊಳ್ಳುತ್ತದೆ. ಎದುರಿನವನಿಗೆ ತಲೆಯಾಡಿಸಬೇಕೋ ಅಥವಾ ಸಿಗ್ನಲ್ಲಿನ ಕೆಂಪು ದೀಪವನ್ನೇ ಜನ್ಮದಲ್ಲಿ ಮೊದಲ ಸಲ ಕಂಡವರಂತೆ ದಿಟ್ಟಿಸುತ್ತಿರಬೇಕೋ ಎಂಬುದು ಆಮೇಲಷ್ಟೇ ತೀರ್ಮಾನವಾಗುತ್ತದೆ. ಗಾಡಿಯ ಕುಲಗೋತ್ರ ವಿಚಾರಿಸದೆ ಸವಾರನ ಗುಣಾವಗುಣಗಳ ಮಾತೆತ್ತುವ ಪದ್ಧತಿ ಈ ಜನರಲ್ಲಿ ಇಲ್ಲ.

ಒಂದೊಂದು ಕುಲಕ್ಕೂ ಒಂದೊಂದು ಅಪವಾದ ಅಂಟಿಕೊಂಡಿದೆ. ಹಾರ್ಲೆ ಡೇವಿಡ್‌ಸನ್ ಇಟ್ಟುಕೊಂಡವನು ಓಡಿಸುವುದಕ್ಕಿಂತ ಒರೆಸುವುದೇ ಹೆಚ್ಚಂತೆ. ಡುಕಾಟಿಯವನಿಗೆ ಮನೆಯವರಿಗಿಂತ ಮೆಕ್ಯಾನಿಕ್ಕೇ ಹತ್ತಿರದವನಂತೆ. ಕೆಟಿಎಂ ಓಡಿಸುವವನ ವಯಸ್ಸನ್ನು ಯಾರೂ ಕೇಳುವುದಿಲ್ಲ, ತಾವೇ ಇಪ್ಪತ್ತೆರಡು ಎಂದು ಬರೆದುಕೊಳ್ಳುತ್ತಾರೆ. ಹೆಲ್ಮೆಟ್ ತೆಗೆದಾಗ ನರೆತ ತಲೆ ಹೊರಬಂದರೂ ಅದನ್ನು ತಿದ್ದುವುದಿಲ್ಲ. ಇನ್ನು ಬಿಎಂಡಬ್ಲ್ಯು ಜಿಎಸ್ ಎಂಬ ಎತ್ತರದ ಗಾಡಿಯವನು ಮರುಭೂಮಿ ದಾಟುವುದಕ್ಕೆಂದು ಎರಡೂ ಬದಿಗೆ ಅಲ್ಯೂಮಿನಿಯಂ ಪೆಟ್ಟಿಗೆ ಬಿಗಿಸಿಕೊಂಡು, ಅದರೊಳಗೆ ಊಟದ ಡಬ್ಬಿಯನ್ನಿಟ್ಟುಕೊಂಡು ಆಫೀಸಿಗೆ ಹೋಗುತ್ತಾನೆ.

ಆ ಪೆಟ್ಟಿಗೆಗಳಿಗೆ ಬಂದ ಮಹಿಮೆಯ ಕಥೆ ಸ್ವಾರಸ್ಯವಾಗಿದೆ. 2004ರಲ್ಲಿ ಇವಾನ್ ಮೆಕ್‌ಗ್ರೆಗರ್ ಮತ್ತು ಚಾರ್ಲಿ ಬೂರ್‌ಮನ್ ಎಂಬ ಇಬ್ಬರು ನಟರು ಲಂಡನ್ನಿನಿಂದ ಪೂರ್ವದಿಕ್ಕಿಗೆ ಹೊರಟು, ಭೂಮಿಯನ್ನು ಸುತ್ತುವರಿದು ನ್ಯೂಯಾರ್ಕ್ ಸೇರುವ ಸಂಕಲ್ಪ ಮಾಡಿದಾಗ ಮೊದಲು ಕೇಳಿದ್ದು ಕೆಟಿಎಂ ಗಾಡಿಗಳನ್ನು. ಆ ಕಂಪನಿ ಹಿಂದೆ ಸರಿಯಿತು, ಬಿಎಂಡಬ್ಲ್ಯು ಕೊಟ್ಟಿತು, ಪ್ರಯಾಣ ದೂರದರ್ಶನದಲ್ಲಿ ಬಂದು ಜಗತ್ತೆಲ್ಲ ನೋಡಿತು. ದಾರಿಯಲ್ಲಿ ಅವರ ಛಾಯಾಗ್ರಾಹಕನ ಬಿಎಂಡಬ್ಲ್ಯು ಮಂಗೋಲಿಯಾದಲ್ಲಿ ಕೈಕೊಟ್ಟು, ಆತ ಅಲ್ಲಿ ಸಿಕ್ಕಿದ ರಷ್ಯದ ಸಾಧಾರಣ ಗಾಡಿಯೊಂದನ್ನು ಕೊಂಡು ಮುಂದುವರಿಯಬೇಕಾಯಿತು. ಆದರೂ ಅದನ್ನು ನೋಡಿ ರಷ್ಯದ ಗಾಡಿಗೆ ಮುಂಗಡ ಕೊಟ್ಟು ಬಂದವರು ಯಾರನ್ನೂ ನಾನು ಕಂಡಿಲ್ಲ.

ಈ ಅಪವಾದಗಳಲ್ಲೆಲ್ಲ ಅತ್ಯಂತ ವಿಚಿತ್ರವಾದದ್ದು ಜಪಾನಿನ ಗಾಡಿಗಳಿಗೆ ಆತ್ಮವಿಲ್ಲ ಎಂಬುದು. ಹಳೆಯ ಇಂಗ್ಲಿಷ್ ಗಾಡಿಗಳ ಎಂಜಿನ್ನಿನ ಕೆಳಭಾಗದ ಕವಚವನ್ನು, ಅಂದರೆ ಕ್ರ್ಯಾಂಕ್‌ಕೇಸನ್ನು, ಎಡಕ್ಕೊಂದು ಬಲಕ್ಕೊಂದು ಹೋಳು ಮಾಡಿ ಜೋಡಿಸುತ್ತಿದ್ದರು. ಆ ಜೋಡಣೆಯ ಗೆರೆ ತಳದ ಮೂಲಕವೇ ಹಾದುಹೋಗುತ್ತಿದ್ದುದರಿಂದ, ನಿಲ್ಲಿಸಿದಲ್ಲೆಲ್ಲ ಗಾಡಿ ತನ್ನ ಗುರುತು ಬಿಟ್ಟು ಹೋಗುತ್ತಿತ್ತು. ಕೆಳಗೆ ಎಣ್ಣೆ ಬೀಳುತ್ತಿಲ್ಲವೆಂದರೆ ಒಳಗೆ ಎಣ್ಣೆ ಮುಗಿದಿದೆ ಎಂದರ್ಥ ಎನ್ನುವುದು ಅದರ ಭಕ್ತರು ಅಭಿಮಾನದಿಂದಲೇ ಹೇಳಿಕೊಳ್ಳುವ ಮಾತು. 1969ರಲ್ಲಿ ಹೊಂಡಾ ಕಂಪನಿಯ ಸಿಬಿ750 ಬಂತು: ನಾಲ್ಕು ಸಿಲಿಂಡರು, ಗುಂಡಿ ಒತ್ತಿದರೆ ಹೊತ್ತಿಕೊಳ್ಳುವ ಎಂಜಿನ್, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು, ಮೇಲೊಂದು ಕೆಳಗೊಂದು ಹೋಳಾಗಿ ಕೂಡಿಕೊಂಡ ಕ್ರ್ಯಾಂಕ್‌ಕೇಸು. ಎಣ್ಣೆ ಒಳಗೇ ಉಳಿಯಿತು. ಸೋರಿಹೋದದ್ದು ಆತ್ಮ ಎಂದು ಬಲ್ಲವರು ತೀರ್ಪು ಕೊಟ್ಟರು.

ನನ್ನ ಗಾಡಿಗೆ ಇಂಥದೊಂದು ಅಪವಾದ ಹೊರುವ ಯೋಗ್ಯತೆಯೂ ಇರಲಿಲ್ಲ. ದಿನಾ ಆಫೀಸಿಗೆ ಹೋಗಿಬರುವವರು ಮೈಲೇಜ್ ನೋಡಿ ಕೊಳ್ಳುವ ಜಾತಿಯದು. ಅದನ್ನು ಹೀಯಾಳಿಸುವುದಕ್ಕೂ ದೊಡ್ಡ ಗಾಡಿಯವರಿಗೆ ಪುರುಸೊತ್ತಿಲ್ಲ. ಹೀಗಿರುವಾಗ ಒಮ್ಮೆ ಪಾರ್ಕಿಂಗಿನಲ್ಲಿ ಪಕ್ಕದ ಬೈಕು ಸೈಡ್ ಸ್ಟ್ಯಾಂಡ್ ಜಾರಿ ನನ್ನದರ ಮೇಲೆ ಒರಗಿ, ಟ್ಯಾಂಕನ್ನು ಆಚೆಯಿಂದ ಈಚೆಗೆ ಗೀರಿಬಿಟ್ಟಿತು. ಪೇಂಟ್ ಮಾಡುವವರು ಟ್ಯಾಂಕನ್ನೂ ಸೈಡ್ ಪ್ಯಾನೆಲ್ಲನ್ನೂ ಕಪ್ಪಗೆ ಮಿರುಗುವಂತೆ ಬಳಿದುಕೊಟ್ಟು, ಕಂಪನಿಯ ಸ್ಟಿಕ್ಕರ್ ಸ್ಟಾಕಿಲ್ಲ, ಬಂದ ಕೂಡಲೇ ಫೋನ್ ಮಾಡುತ್ತೇವೆ ಎಂದರು. ಆ ಫೋನು ಇನ್ನೂ ಬಂದಿಲ್ಲ.

ನನ್ನ ಸಾಮಾಜಿಕ ಸ್ಥಾನಮಾನದಲ್ಲಿ ಏರುಪೇರು ಶುರುವಾದದ್ದು ಅಲ್ಲಿಂದ. ಪೆಟ್ರೋಲ್ ಬಂಕಿನಲ್ಲಿ ನನ್ನ ಹಿಂದೆ ನಿಂತಿದ್ದ, ಚರ್ಮದ ಜಾಕೆಟ್ ತೊಟ್ಟು ದೊಡ್ಡ ಹೆಸರಿನ ಗಾಡಿಯ ಮೇಲೆ ಕುಳಿತಿದ್ದ ಮಹನೀಯರೊಬ್ಬರು ಕೆಳಗಿಳಿದು ಬಂದು, ನನ್ನ ಗಾಡಿಗೆ ಪೂರ್ತಿ ಒಂದು ಸುತ್ತು ಹಾಕಿ, "ಯಾವ ಗಾಡಿ ಸಾರ್ ಇದು?" ಎಂದು ಕೇಳಿದರು. "ಹಳೇದು ಸಾರ್" ಎಂದೆ. ಹೆಲ್ಮೆಟ್ಟಿನೊಳಗಿಂದ ಬಂದ ಆ ಒಂದು ಮಾತಿನಲ್ಲಿ ಅವರಿಗೆ ಏನೇನು ಕೇಳಿಸಿತೋ ತಿಳಿಯದು. ಸೀಟಿನ ಅಂಚನ್ನು ಎರಡು ಬೆರಳಿನಿಂದ ಒತ್ತಿ ನೋಡಿದರು, ಹಿಂದಿನ ಡ್ರಮ್ ಬ್ರೇಕಿನ ಮುಂದೆ ಬಗ್ಗಿದರು, "ಈಗಿನ ಗಾಡಿಗಳಲ್ಲಿ ಈ ಗಟ್ಟಿತನ ಎಲ್ಲಿದೆ ಸಾರ್, ಎಲ್ಲಾ ಪ್ಲಾಸ್ಟಿಕ್ಕು" ಎಂದು ನಿಟ್ಟುಸಿರಿಟ್ಟರು. ಬಗ್ಗಿದವರು ಹಾಗೆಯೇ ಎದ್ದಿದ್ದರೆ ಚೆನ್ನಾಗಿತ್ತು. ಏಳುವಾಗ ಎಂಜಿನ್ ಕವರಿನ ಮೇಲೆ ಅಚ್ಚೊತ್ತಿದ್ದ ಹೆಸರು ಕಣ್ಣಿಗೆ ಬಿದ್ದು, ಅವರು ಕೈಯನ್ನು ಜಾಕೆಟ್ಟಿಗೆ ಒರೆಸಿಕೊಂಡು, "ಓ, ಇದಾ... ಮೈಲೇಜ್ ಚೆನ್ನಾಗಿ ಕೊಡುತ್ತೆ ಬಿಡಿ" ಎಂದರು. ಬೈಕ್ ಸವಾರರ ಬಾಯಲ್ಲಿ ಸಂತಾಪಸೂಚನೆಗೆ ಇದಕ್ಕಿಂತ ಸ್ಪಷ್ಟವಾದ ವಾಕ್ಯವಿಲ್ಲ.

ಹಾಗೆ ನೋಡಿದರೆ ಈ ಮನೆತನಗಳೆಲ್ಲ ಎಂದೋ ಪರಸ್ಪರ ಬೀಗರಾಗಿವೆ. ಜಪಾನಿನ ಹೆಸರೆತ್ತಿದರೆ ಮೂಗು ಮುರಿಯುವ ಹಾರ್ಲೆ ಭಕ್ತನ ಗಾಡಿಯಲ್ಲಿ ಜಪಾನಿನ ಕೇಹಿನ್ ಕಾರ್ಬ್ಯುರೇಟರ್ ಮತ್ತು ಶೋವಾ ಫೋರ್ಕ್ ದಶಕಗಳ ಕಾಲ ಸದ್ದಿಲ್ಲದೆ ಸಂಸಾರ ಮಾಡಿವೆ. 1993ರಲ್ಲಿ ಬಂದ ಬಿಎಂಡಬ್ಲ್ಯು ಎಫ್650 ಎಂಬ ಜರ್ಮನ್ ಗಾಡಿಯ ಎಂಜಿನ್ ಆಸ್ಟ್ರಿಯಾದ ರೋಟಾಕ್ಸ್‌ನದು, ಅದನ್ನು ಜೋಡಿಸಿ ಕಳುಹಿಸಿದ್ದು ಇಟಲಿಯ ಏಪ್ರಿಲಿಯಾ. ಅದೇ ಬಿಎಂಡಬ್ಲ್ಯುವಿನ 310 ಗಾಡಿಗಳು ಹುಟ್ಟಿದ್ದು ಹೊಸೂರಿನ ಟಿವಿಎಸ್ ಕಾರ್ಖಾನೆಯಲ್ಲಿ. 2023ರಲ್ಲಿ ಟ್ರಯಂಫ್‌ನ 400 ಬಜಾಜ್ ಮನೆಯಲ್ಲಿಯೂ, ಹಾರ್ಲೆಯ ಎಕ್ಸ್440 ಹೀರೋ ಮನೆಯಲ್ಲಿಯೂ ಕಣ್ಣುಬಿಟ್ಟವು. ಇಷ್ಟಾದರೂ ಬಜಾಜ್ ಕಾರ್ಖಾನೆಯಲ್ಲಿ ಸಿದ್ಧವಾದ ಟ್ರಯಂಫ್ ಏರಿದವನು ಅದೇ ಕಂಪನಿಯ ಪಲ್ಸರ್ ಸವಾರನ ಪಕ್ಕದಲ್ಲಿ ನಿಂತಾಗ ಬೆನ್ನನ್ನು ಸ್ವಲ್ಪ ನೆಟ್ಟಗೆ ಮಾಡಿಕೊಳ್ಳುವುದನ್ನು ಗಮನಿಸಬಹುದು.

ಟ್ಯಾಂಕಿನ ಮೇಲೆ ಹೆಸರಿಲ್ಲದ ಈ ಅವಧಿಯಲ್ಲಿಯೇ ಗೆಳೆಯನೊಬ್ಬ ನನ್ನನ್ನು ಗುಂಪು ಸವಾರಿಯೊಂದಕ್ಕೆ ಎಳೆದುಕೊಂಡು ಹೋದ. ಬೆಲೆಯ ಇಳಿಕೆಯ ಕ್ರಮದಲ್ಲಿ ಸಾಲು ಕಟ್ಟಿದ್ದರಿಂದ ನನಗೆ ಬಾಲದ ಸ್ಥಾನ ತಾನಾಗಿಯೇ ಸಿಕ್ಕಿತು. ದಾರಿಯಲ್ಲಿ ಮಳೆ ಹಿಡಿದು, ಮುಂದಿನವರ ಚಕ್ರಗಳೆಲ್ಲ ಸೇರಿ ನನ್ನ ಎಂಜಿನ್ ಕವರಿಗೆ ದಪ್ಪನಾಗಿ ಕೆಸರಿನ ಲೇಪ ಕೊಟ್ಟವು. ಒಂದು ತಿರುವಿನಲ್ಲಿ ನೋಡಿದರೆ, ಸಾಲಿನ ತಲೆಯಲ್ಲಿದ್ದ ಸವಾರರೊಬ್ಬರು ರಸ್ತೆಯ ಬದಿ ನಿಂತಿದ್ದರು. ಅವರ ಗಾಡಿಯ ಪರದೆಯ ಮೇಲೆ ಬಣ್ಣಬಣ್ಣದ ದೀಪಗಳೆಲ್ಲ ಉರಿಯುತ್ತಿದ್ದವು, ಎಂಜಿನ್ ಮಾತ್ರ ಹೊತ್ತಿಕೊಳ್ಳುತ್ತಿರಲಿಲ್ಲ. ಅವರನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಮೊಬೈಲ್ ಸಿಗ್ನಲ್ ಇದ್ದ ಕಡೆಯಲ್ಲೆಲ್ಲ ಅವರು ಸರ್ವೀಸ್ ಸೆಂಟರಿಗೆ ಕರೆ ಮಾಡಿದರು. ಮಿಕ್ಕ ದಾರಿಯಲ್ಲಿ ಹೆಲ್ಮೆಟ್ಟಿನ ಗಾಜನ್ನು ಎತ್ತಲಿಲ್ಲ.

ಗುಂಪು ಕಾದು ನಿಂತಿದ್ದ ಜಾಗಕ್ಕೆ ಬಂದಾಗ, ಎಲ್ಲರ ಕಣ್ಣೂ ಮೊದಲು ಅವರ ಮೇಲೆ, ಆಮೇಲೆ ನನ್ನ ಕಪ್ಪು ಟ್ಯಾಂಕಿನ ಮೇಲೆ ನಿಂತಿತು. ಅವರು ಕೆಳಗಿಳಿದು, ಗಾಜನ್ನೆತ್ತಿ, ಸೀಟಿನ ಮೇಲೆ ಮೆಲ್ಲಗೆ ಕೈಯಿಟ್ಟು, "ಹಳೇ ಇಂಗ್ಲಿಷ್ ಗಾಡಿ, ರಿಸ್ಟೋರ್ ಮಾಡಿಸ್ತಿದ್ದಾರೆ, ನಾನೇ ಒಂದು ರೌಂಡ್ ಕೂರಿಸಿಕೊಂಡು ಹೋಗಿ ಅಂದೆ" ಎಂದು ಗಂಭೀರವಾಗಿ ಪ್ರಕಟಿಸಿದರು. ನನ್ನನ್ನು ಅವರು ನೋಡಲಿಲ್ಲ. ನಾನೂ ಕೆಸರನ್ನು ಒರೆಸಲು ಹೋಗಲಿಲ್ಲ. ಇಬ್ಬರು ಗಾಡಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು, ಒಬ್ಬರು ಯಾವಾಗಲಾದರೂ ಮಾರುವುದಿದ್ದರೆ ತಮಗೇ ಮೊದಲು ಹೇಳಬೇಕೆಂದು ನಂಬರ್ ಕೊಟ್ಟರು. ಬಿಳಿ ಗಡ್ಡದ ಹಿರಿಯ ಸವಾರರೊಬ್ಬರು ಮಾತ್ರ ಮಂಡಿಯೂರಿ ಎಂಜಿನ್ನಿನ ಕೆಳಗಿನ ನೆಲವನ್ನು ಬಹಳ ಹೊತ್ತು ನೋಡಿ, ತಲೆಯೆತ್ತಿ ಹೇಳಿದರು: "ಎಲ್ಲಾ ಸರಿ, ಆದ್ರೆ ಒಂದು ಹನಿನಾದ್ರೂ ಎಣ್ಣೆ ಬೀಳ್ಬೇಕಿತ್ತಲ್ಲ?"