ಅತ್ತೆಯ ಮೇಲಿನ ದೂರು ಅತ್ತೆಗೇ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 'ಪರ್ಸನಲ್ ಕೇರ್ ಹೋಮ್' ಅಂತ ಇವೆ. ಆಸ್ಪತ್ರೆ ಸೇರುವಷ್ಟು ಕಾಯಿಲೆ ಇಲ್ಲ, ಒಬ್ಬರೇ ಇರುವಷ್ಟು ಕಸುವೂ ಇಲ್ಲ ಅನ್ನುವವರು ಇರುವ ಮನೆಗಳು. ಲೈಸೆನ್ಸ್ ಕೊಡುವುದು ರಾಜ್ಯದ ಕಲ್ಯಾಣ ಇಲಾಖೆ. 2014ರಲ್ಲಿ ಅದು 'ಕಲ್ಯಾಣ' ಬಿಟ್ಟು 'ಮಾನವ ಸೇವೆಗಳ ಇಲಾಖೆ' ಆಯಿತು. ಬೋರ್ಡು ಹೊಸದು, ಬೀರು ಅದೇ.

ನಿಯಮಗಳು ಬೇಕಾದಷ್ಟಿವೆ. ನಲ್ಲಿಯ ಬಿಸಿನೀರು 120 ಡಿಗ್ರಿ ಫ್ಯಾರನ್‌ಹೀಟ್ ದಾಟಬಾರದು. ಮಲಗಿದಲ್ಲೇ ಕೈಗೆ ಎಟುಕುವ ದೀಪ ಇರಬೇಕು. ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಚಿಮುಟ ಇರಬೇಕು. ಎಲ್ಲವೂ ಸರಿಯೇ. ಅಜ್ಜಿಯ ಕೈ ಸುಟ್ಟರೆ ಹೊಣೆ ಯಾರು, ಅಲ್ವಾ? ನನ್ನ ತಕರಾರು ನಿಯಮದ ಬಗ್ಗೆ ಅಲ್ಲ, ಅದು ಮುರಿದ ಮೇಲೆ ಶುರುವಾಗುವ ಆಟದ ಬಗ್ಗೆ.

ನಲವತ್ತು ಜನರಿರುವ ಮನೆ ಅಂದುಕೊಳ್ಳಿ. ಇನ್‌ಸ್ಪೆಕ್ಟರ್ ಬಂದರು, ಥರ್ಮಾಮೀಟರ್ ಅದ್ದಿದರು, ಎರಡನೇ ದರ್ಜೆಯ, ಅಂದರೆ ನಡುಮಟ್ಟದ, ತಪ್ಪು ಅಂತ ಬರೆದರು. ಐದು ದಿನದಲ್ಲಿ ಸರಿಮಾಡದಿದ್ದರೆ ದಂಡ. ತಲೆಗೆ ದಿನಕ್ಕೆ 5ರಿಂದ 15 ಡಾಲರ್. ಹತ್ತು ಅಂತ ಹಿಡಿದರೂ ದಿನಕ್ಕೆ 400. ಆ ನಲ್ಲಿಯ ಹತ್ತಿರವೂ ಸುಳಿಯದ ತಾತನ ತಲೆಯೂ ಲೆಕ್ಕಕ್ಕೆ ಉಂಟು. ದುಡ್ಡು ತಾತನ ಕೈಗೆ ಬರುತ್ತದಾ? ಇಲ್ಲ. ಅದು ಮೊದಲು ಹೋಗುವುದು, ಇಂಥ ಮನೆಗಳಿಂದ ಎಬ್ಬಿಸಿ ಬೇರೆಡೆ ಸಾಗಿಸಿದವರ ಖರ್ಚಿಗೆ. ತಾತನ ತಲೆ ಎಣಿಸಿ ಕೂಡಿಟ್ಟ ದುಡ್ಡಿನಲ್ಲೇ ಒಂದು ದಿನ ತಾತನ ಪೆಟ್ಟಿಗೆ ಗಾಡಿ ಹತ್ತಬಹುದು.

ಮಾಲೀಕರು ಸುಮ್ನೆ ಇರುತ್ತಾರಾ? ಅಪೀಲು ಹಾಕುತ್ತಾರೆ. ಅದಕ್ಕೆ ಮೊದಲು ದಂಡದ ದುಡ್ಡನ್ನು, 500 ಡಾಲರ್ ಮೀರದಂತೆ, ಠೇವಣಿ ಇಡಬೇಕು. ಕಳಿಸಬೇಕಾದದ್ದು ಇಲಾಖೆಯ ಕಾರ್ಯದರ್ಶಿಗೆ. ವಿಚಾರಣೆ ಮಾಡುವುದು ಇಲಾಖೆಯದೇ ಮೇಲ್ಮನವಿ ವಿಭಾಗ. ತೀರ್ಪು ಹಿಡಿಸಲಿಲ್ಲ ಅಂದರೆ ಮರುಪರಿಶೀಲನೆ ಕೇಳಬಹುದು. ಯಾರನ್ನು? ಮತ್ತೆ ಅದೇ ಕಾರ್ಯದರ್ಶಿಯನ್ನು. ಅತ್ತೆಯ ಮೇಲೆ ದೂರಿದ್ದರೆ ಮಾವನಿಗಾದರೂ ಹೇಳಬಹುದಿತ್ತು. ಇಲ್ಲಿ ಮಾವನೂ ಅತ್ತೆಯೇ, ನಾದಿನಿಯೂ ಅತ್ತೆಯೇ.

ಇಷ್ಟಾದ ಮೇಲೆ ಕಾಮನ್‌ವೆಲ್ತ್ ಕೋರ್ಟ್, ಅಂದರೆ ಸರ್ಕಾರಿ ಇಲಾಖೆಗಳ ತೀರ್ಪಿನ ಮೇಲಿನ ಅಪೀಲು ಕೇಳುವ ರಾಜ್ಯದ ಕೋರ್ಟ್. 30 ದಿನದೊಳಗೆ ಹೋಗಬೇಕು. ಅಲ್ಲಿ ಹೊಸ ಸಾಕ್ಷಿ ಕೇಳುವುದಿಲ್ಲ, ಇಲಾಖೆಯಲ್ಲಿ ತಯಾರಾದ ಕಡತವನ್ನೇ ತಿರುವಿ ಹಾಕುತ್ತಾರೆ.

ಮಾಲೀಕರು ಪಾಪ ಅಂತೇನೂ ನಾನು ಹೇಳುತ್ತಿಲ್ಲ. ವಕೀಲರಿಗೆ ಕೊಟ್ಟ ದುಡ್ಡಲ್ಲಿ ಬಿಸಿನೀರಿನ ಬಾಯ್ಲರ್ ಎರಡು ಸಲ ರಿಪೇರಿ ಆಗುತ್ತಿತ್ತೇನೋ. ಇತ್ತ ಇಲಾಖೆ ತಪ್ಪು ಸಿಕ್ಕ ಮನೆಗೆ ಆರಾರು ತಿಂಗಳ ತಾತ್ಕಾಲಿಕ ಲೈಸೆನ್ಸನ್ನು ಸಾಲಾಗಿ ನಾಲ್ಕು ಸಲ ಕೊಡಬಹುದು. ಎರಡು ವರ್ಷ! ಎಂಬತ್ತೈದರ ಅಜ್ಜಿಗೆ ಎರಡು ವರ್ಷ ತಾತ್ಕಾಲಿಕವಾ?

ಕಡತದಲ್ಲಿ ಚಿಮುಟಕ್ಕೆ ಚಿಮುಟ ಅಂತಲೇ ಹೆಸರಿದೆ. ಅಜ್ಜಿಯ ಹೆಸರು ಮಾತ್ರ ಗುಟ್ಟು, 'ನಿವಾಸಿ 1' ಅಷ್ಟೇ. ನಿವಾಸಿ 1 ಇವತ್ತು ಬೆಳಿಗ್ಗೆಯೂ ಮೊದಲು ತಣ್ಣೀರು ಬಿಟ್ಟು, ಆಮೇಲೆ ಬಿಸಿನೀರು ಬೆರೆಸಿ, ಬೆರಳ ತುದಿ ಒಡ್ಡಿ ನೋಡಿ, ಮುಖ ತೊಳೆದುಕೊಂಡರು.